30-40 ಸೈಟಿನಲ್ಲಿ ಮನೆ ಕಟ್ಟಿಸ್ತಿದ್ದೀವಿ. ಮಳೆನೀರು ಕೊಯ್ಲು ನಿಜವಾಗಿಯೂ ಉಪಯೋಗಕ್ಕೆ ಬರುತ್ತಾ, ಇಲ್ಲ ಬರೀ ರೂಲ್ಸಿಗಾ?

ಬರುತ್ತೆ. ನಮ್ಮದೂ ಬೆಂಗಳೂರಲ್ಲಿ 30-40 ಸೈಟೇ. 2009ರ ಜಲಮಂಡಳಿ ಕಾಯ್ದೆ ತಿದ್ದುಪಡಿಯಿಂದ ಈ ಅಳತೆಯ ಹೊಸ ಮನೆಗೂ ಕಡ್ಡಾಯ ಅಲ್ವಾ, ನಾನೂ ಮಾಡಿಸಿದ್ದು ರೂಲ್ಸಿಗೇ. ಪ್ಲಂಬರ್ ಹೇಳಿದ್ದಕ್ಕೆಲ್ಲ ಹೂಂ ಅಂದೆ. ಅವನು ತಾರಸಿಯ ಪೈಪನ್ನ ನೇರ ಸಂಪಿಗೆ ಇಳಿಸಿಬಿಟ್ಟ.

ಏಪ್ರಿಲ್‌ನಲ್ಲಿ ಮೊದಲ ಮಳೆ. ಮಾರನೇ ದಿನ ನಲ್ಲಿ ತಿರುಗಿಸಿದರೆ ಡಿಕಾಕ್ಷನ್ ಬಣ್ಣದ ನೀರು, ಪಾರಿವಾಳದ ಹಿಕ್ಕೆ ವಾಸನೆ! ಸಂಪಲ್ಲಿದ್ದ ಕಾವೇರಿ ನೀರೂ ಮೋರಿ ಪಾಲು. ಅವತ್ತು ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆ ಬೇಡ ಬಿಡಿ.

ಆಮೇಲೆ ಮಾಡಿಸಿದ್ದು ಹೀಗೆ. ತಾರಸಿಯ ಪೈಪು ಮೊದಲು ಒಂದು 200 ಲೀಟರ್ ಡ್ರಮ್ಮಿಗೆ ಬೀಳುತ್ತೆ. ಧೂಳು, ಹೊಂಗೆ ಎಲೆ, ಹಿಕ್ಕೆ ಎಲ್ಲ ಅಲ್ಲೇ. ಅದು ತುಂಬಿದ ಮೇಲೆ ಬರೋ ನೀರು ಮಾತ್ರ ಫಿಲ್ಟರ್ ದಾಟಿ ಬೇರೆಯದೇ ಒಂದು 5000 ಲೀಟರ್ ಟ್ಯಾಂಕಿಗೆ ಹೋಗುತ್ತೆ. ಮಳೆ ನಿಂತ ಮೇಲೆ ಡ್ರಮ್ಮಿನ ಕೆಳಗಿನ ನಲ್ಲಿ ಬಿಟ್ಟು ಖಾಲಿ ಮಾಡಲೇಬೇಕು. ಮರೆತರೆ ಮುಂದಿನ ಮಳೆಯ ಕೊಳೆ ಸೀದಾ ಫಿಲ್ಟರಿಗೆ. ಜನ ದುಬಾರಿ ಫಿಲ್ಟರ್ ಹುಡುಕ್ತಾರೆ, ಈ ಡ್ರಮ್ ಬಗ್ಗೆ ಕೇಳೋದೇ ಇಲ್ಲ.

ಲೆಕ್ಕ ಸುಲಭ: ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಅಂದ್ರೆ 1 ಲೀಟರ್. ಸಾವಿರ ಚದರಡಿ ತಾರಸಿಗೆ 20 ಮಿ.ಮೀ. ಬಿದ್ದರೆ, ಹೋದದ್ದು ಹೋಗಿ ಸುಮಾರು 1500 ಲೀಟರ್. ಟ್ಯಾಂಕ್ ತುಂಬಿ ಹರಿದದ್ದು ಇಂಗುಬಾವಿಗೆ, ಅಂದ್ರೆ ನೀರನ್ನ ನೆಲದೊಳಕ್ಕೆ ಇಂಗಿಸೋ ಬಾವಿಗೆ. ಬಾವಿ ತೋಡೋ ಮಣ್ಣು ವಡ್ಡರನ್ನ ಕರೆಸಿ 3 ಅಡಿ ಅಗಲ, 20 ಅಡಿ ಆಳ ತೋಡಿಸಿ ರಿಂಗ್ ಇಳಿಸಿದ್ದೀವಿ. ಅದಕ್ಕೆ ಬಟ್ಟೆ ಒಗೆದ ನೀರು ಮಾತ್ರ ಬಿಡಬೇಡಿ.

ಕುಡಿಯೋಕೆ ನಾವು ಬಳಸಲ್ಲ. ಬಟ್ಟೆ, ಸ್ನಾನ, ನೆಲ ಒರೆಸೋದು, ಎಲ್ಲ ಇದರಲ್ಲೇ. ಬೋರ್ ನೀರಿಗೆ ಬಿಳಿ ಕಟ್ಟುತ್ತಿದ್ದ ಬಕೆಟ್ ಈಗ ಹಾಗೇ ಇರುತ್ತೆ. ಸೋಪು ಎಷ್ಟು ನೊರೆ ಬರುತ್ತೆ ಅಂದ್ರೆ ಮೊದಮೊದಲು ಮೈ ತೊಳೆದಷ್ಟೂ ಜಾರುತ್ತಲೇ ಇದೆ ಅನ್ನಿಸ್ತಿತ್ತು. ಟ್ಯಾಂಕಿಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ. ಪೈಪಿನ ಬಾಯಿಗೆಲ್ಲ ಜಾಲರಿ ಇರಲಿ, ಇಲ್ಲಾಂದ್ರೆ ಸೊಳ್ಳೆ.

ಬಿಡುವಾದರೆ ಜಯನಗರ 5ನೇ ಬ್ಲಾಕಿನ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕಿಗೆ ಮೇಸ್ತ್ರಿಯನ್ನೂ ಕರ್ಕೊಂಡು ಹೋಗಿ, ಮಾದರಿಗಳನ್ನ ಕಣ್ಣಾರೆ ನೋಡಲಿ. ತಾರಸಿಯ ವಾಟ (ಇಳಿಜಾರು) ಪೂರ್ತಿ ಒಂದೇ ಕಡೆ ಕೊಡು ಅಂತ ಈಗಲೇ ಹೇಳಿಬಿಡಿ. ನಮ್ಮ ಮೆಟ್ಟಿಲ ಮೇಲಿನ ಸಣ್ಣ ತಾರಸಿಯ ನೀರು ಇವತ್ತಿಗೂ ರಸ್ತೆಗೇ ಬೀಳುತ್ತೆ.