ಉಳಿದ ಪಾಠಗಳ ಪಟ್ಟಿ: ಒಂದು ಆಪ್ತಸಲಹೆ ಪ್ರಕರಣ

ಹೈಸ್ಕೂಲಿನ ಕೊನೆಯ ವರ್ಷದ ಈ ವಿದ್ಯಾರ್ಥಿನಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಂಪ್ಯೂಟರ್ ವಿಜ್ಞಾನದ ಪರೀಕ್ಷೆಗೆ ಸುಮಾರು ಹತ್ತು ದಿನಗಳಿದ್ದಾಗ ಅವಳು ತಾಯಿಯೊಡನೆ ಬಂದಳು. ಓದಲು ಕುಳಿತರೆ ಯಾವ ಪಾಠವನ್ನು ಮೊದಲು ಹಿಡಿಯಬೇಕೆಂದು ತೋಚುವುದಿಲ್ಲ, ರಾತ್ರಿ ಎರಡರವರೆಗೆ ಎಚ್ಚರವಿದ್ದರೂ ಏನೂ ತಲೆಗೆ ಹತ್ತುವುದಿಲ್ಲ ಎಂಬುದು ಅವಳ ಅಳಲು.

ಅವಳ ಬಳಿ ಎರಡು ಪಟ್ಟಿಗಳಿದ್ದವು. ‘ಮುಗಿದಿದೆ’ ಎಂಬುದರಲ್ಲಿ ಅರೇ ಮತ್ತು ಸಾರ್ಟಿಂಗ್. ‘ಉಳಿದಿದೆ’ ಎಂಬುದರಲ್ಲಿ ಸಂಖ್ಯಾ ಪದ್ಧತಿ, ಸರ್ಚಿಂಗ್, ಸ್ಟ್ಯಾಕ್, ರಿಕರ್ಷನ್, ನೆಟ್‌ವರ್ಕ್, ಡೇಟಾಬೇಸ್. ನಾನು ಪುಸ್ತಕ ಮುಚ್ಚಿಸಿ, 5, 2, 8, 1 ಈ ಸಂಖ್ಯೆಗಳು, ಪಕ್ಕಪಕ್ಕದ ಎರಡನ್ನು ಹೋಲಿಸಿ ದೊಡ್ಡದನ್ನು ಬಲಕ್ಕೆ ಸರಿಸುತ್ತ ಹೋಗುವ ಬಬಲ್ ಸಾರ್ಟ್‌ನ ಮೊದಲ ಸುತ್ತಿನ ನಂತರ ಯಾವ ಕ್ರಮದಲ್ಲಿರುತ್ತವೆ ಎಂದು ಕೇಳಿದೆ. ಅವಳು 1, 2, 5, 8 ಎಂದು ಬರೆದಳು. ಸರಿಯಾದ ಉತ್ತರ 2, 5, 1, 8. ಆದರೆ ‘ಉಳಿದ’ ಸಂಖ್ಯಾ ಪದ್ಧತಿಯಿಂದ 0 ಮತ್ತು 1 ಮಾತ್ರ ಬಳಸುವ ಬೈನರಿಯ 1101 ಅನ್ನು ಸಾಮಾನ್ಯ ಸಂಖ್ಯೆಗೆ ಬದಲಿಸಲು ಕೊಟ್ಟಾಗ ತಡವರಿಸದೆ 13 ಎಂದಳು. ಹಾಗಾಗಿ ಆ ಪಟ್ಟಿಗಳು ಅವಳು ಏನನ್ನು ಓದಿದ್ದಾಳೆ ಎಂಬುದನ್ನು ದಾಖಲಿಸಿದ್ದವೇ ಹೊರತು ಏನು ಬರುತ್ತದೆ ಎಂಬುದನ್ನಲ್ಲ.

ಇದು ಅವಳೊಬ್ಬಳ ತೊಂದರೆಯಲ್ಲ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ, ಒಂದು ವಾರದ ನಂತರ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಹೆಚ್ಚು ಉಳಿಸಿಕೊಂಡಿದ್ದರು.

ಆದ್ದರಿಂದ ಪ್ರತಿ ಪಾಠಕ್ಕೂ ಒಂದೊಂದು ಪ್ರಶ್ನೆಯನ್ನು ಪುಸ್ತಕ ಮುಚ್ಚಿ ಬಿಡಿಸಿ, ತಪ್ಪಿದವುಗಳಿಂದಷ್ಟೇ ಹೊಸ ಪಟ್ಟಿ ಮಾಡಲು ಹೇಳಿದೆ. ಅದರ ಕ್ರಮವನ್ನು ಪುಸ್ತಕದ ಪುಟಗಳಲ್ಲ, ಒಂದು ಪಾಠ ಇನ್ನೊಂದನ್ನು ಆಧರಿಸಿರುವ ರೀತಿ ನಿರ್ಧರಿಸಬೇಕು. ಕೊನೆಗೆ ಸೇರಿದ್ದು ಮೊದಲು ಹೊರಬರುವ ಸ್ಟ್ಯಾಕ್ ಅರ್ಥವಾಗದೆ, ಒಂದು ಫಂಕ್ಷನ್ (ಪ್ರೋಗ್ರಾಮಿನ ಒಂದು ತುಣುಕು) ತನ್ನನ್ನೇ ಕರೆದುಕೊಂಡು ಹಿಂದಿರುಗುವ ರಿಕರ್ಷನ್ ಅರ್ಥವಾಗುವುದು ಕಷ್ಟ. ಫ್ಯಾಕ್ಟೋರಿಯಲ್ 4ರ (4×3×2×1) ಪ್ರತಿಯೊಂದು ಕರೆಯನ್ನೂ ಕಾಗದದಲ್ಲಿ ಒಂದರ ಕೆಳಗೊಂದು ಬರೆದು, ಮತ್ತೆ ಕರೆ ಬೇಕಿಲ್ಲದ ನಿಲುಗಡೆಯ ಸ್ಥಿತಿ ಮುಟ್ಟಿದ ಮೇಲೆ ಕೆಳಗಿನಿಂದ ಮೇಲಕ್ಕೆ ಗುಣಿಸುತ್ತ 24ಕ್ಕೆ ಬರುವಂತೆ ಸೂಚಿಸಿದೆ. ಮಧ್ಯದ ಅಂಶದೊಡನೆ ಹೋಲಿಸಿ ಹುಡುಕುವ ಬೈನರಿ ಸರ್ಚ್‌ನಲ್ಲಿ ಹುಡುಕಾಟದ ವ್ಯಾಪ್ತಿ ಪ್ರತಿ ಹೆಜ್ಜೆಗೂ ಅರ್ಧವಾಗುವುದರಿಂದ 1000 ಅಂಶಗಳಿಗೆ ಹೆಚ್ಚೆಂದರೆ 10 ಹೆಜ್ಜೆಗಳು ಸಾಕು. ಆದರೆ ಅಂಶಗಳು ಮೊದಲೇ ಕ್ರಮದಲ್ಲಿರಬೇಕೆಂಬ ಷರತ್ತನ್ನು ಬರೆಯಲು ಮಕ್ಕಳು ಮರೆಯುತ್ತಾರೆ. ನೆಟ್‌ವರ್ಕ್‌ನ ವ್ಯಾಖ್ಯೆಗಳಿಗೆ ದಿನದ ಕೊನೆಯ ಅರ್ಧ ಗಂಟೆ ಸಾಕೆಂದೆ.

ಒಂದು ಪಾಠವನ್ನು ಬಿಟ್ಟುಬಿಡಬಹುದೇ ಎಂದು ಅವಳು ಅಳುಕುತ್ತ ಕೇಳಿದಳು. ಕಡಿಮೆ ಅಂಕದ, ಬೇರೆ ಪಾಠಗಳಿಗೆ ಆಧಾರವಲ್ಲದ ಪಾಠವಾದರೆ ಬಿಡಬಹುದು ಎಂದೆ. ತಾಯಿಗೆ ಇದು ಹಿಡಿಸಲಿಲ್ಲವಾದರೂ, ಎಲ್ಲವನ್ನೂ ಮುಟ್ಟಿ ಯಾವುದನ್ನೂ ಬಿಡಿಸಲಾರದ ಸ್ಥಿತಿಗಿಂತ ಇದೇ ಮೇಲೆಂಬುದು ನನ್ನ ಅಭಿಪ್ರಾಯ. “ಎಷ್ಟು ಪಾಠ ಮುಗಿಯಿತು” ಎಂದು ವಿಚಾರಿಸುವುದನ್ನು ಬಿಟ್ಟು, “ಇವತ್ತು ಬಿಡಿಸಿದ್ದನ್ನು ನನಗೆ ವಿವರಿಸಮ್ಮ” ಎಂದು ಕೇಳಿರಿ ಎಂದು ತಾಯಿಗೆ ಹೇಳಿದೆ. ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ದೆ ಬೇಕಾದುದರಿಂದ ರಾತ್ರಿಯ ಓದನ್ನು ನಿಲ್ಲಿಸಲು ಇಬ್ಬರೂ ಒಪ್ಪಿದರು. ಹಾಗೆ ಮಾಡಿದ ಮೇಲೂ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಬೇಕೆಂದು ತಿಳಿಸಿದೆ. ಪರೀಕ್ಷೆಯ ಹಿಂದಿನ ಸಂಜೆ ಹೊಸದೇನನ್ನೂ ಆರಂಭಿಸದೆ, ತಾನು ತಪ್ಪಿದ ಪ್ರಶ್ನೆಗಳನ್ನಷ್ಟೇ ಇನ್ನೊಮ್ಮೆ ಬಿಡಿಸುವುದೆಂದು ಅವಳೇ ವೇಳಾಪಟ್ಟಿಯಲ್ಲಿ ಬರೆದುಕೊಂಡಳು.