ಸರ್ವೀಸ್ ಚಾರ್ಜ್ ಕಟ್ಟಿದ ಮೇಲೂ ಟಿಪ್ಸ್ ಕೊಡಬೇಕಾ?

ರಾಯಚೂರಿನ ಎಸಿ ಹೋಟೆಲಲ್ಲಿ ಬಿಲ್ಲಿಗೆ 10% ಸರ್ವೀಸ್ ಚಾರ್ಜ್ ಸೇರಿಸಿದ್ದರು, ಅದನ್ನು ಕಟ್ಟಿ ಟಿಪ್ಸ್ ಕೊಡದೆ ಎದ್ದು ಬಂದದ್ದು ತಪ್ಪಾ ಅಂತ ಕೇಳಿದ್ದೀರಿ. ನನ್ನದೂ ಇದೇ ಕಥೆ. ಊರು ಮಾತ್ರ ಬಳ್ಳಾರಿ.

2025ರ ಮೇ ತಿಂಗಳು. ಅಕ್ಕನ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಹನ್ನೊಂದು ಜನ ರಾತ್ರಿ ಊಟಕ್ಕೆ ಹೋದೆವು. ಹೋಟೆಲ್ ಹೆಸರು ಬೇಡ ಬಿಡಿ. ಒಂಬತ್ತು ಗಂಟೆಯಾದರೂ ಹೊರಗೆ ಝಳ ಇಳಿದಿರಲಿಲ್ಲ, ಒಳಗೆ ತಣ್ಣಗಿತ್ತು. ಊಟ ಮುಗಿದರೂ ಯಾರೂ ಏಳಲು ತಯಾರಿಲ್ಲ.

ನಮ್ಮ ಕಡೆ ಬಿಲ್ ಕೊಡೋದು ಅಂದ್ರೆ ಒಂದು ಕುಸ್ತಿ ಅಲ್ವಾ? ಭಾವ ಜೇಬಿಗೆ ಕೈ ಹಾಕಿದ್ದು ಕಾಣಿಸಿತು. ಕೈ ತೊಳೆಯೋ ನೆಪ ಮಾಡಿ ಎದ್ದೆ, ಸೀದಾ ಗಲ್ಲಾ ಹತ್ತಿರ ಹೋದೆ. "ಎಷ್ಟಾಯ್ತು?" ಅಂದೆ. "5,613" ಅಂದರು. ಸ್ಕ್ಯಾನ್ ಮಾಡಿದೆ, ಪಿನ್ ಒತ್ತಿದೆ. ಬಿಲ್ ಕೈಗೆ ಬಂದದ್ದು ಆಮೇಲೆ.

ನಾನು ಕೆಟ್ಟಿದ್ದು ಅಲ್ಲೇ. ಬಿಲ್ ಓದುವ ಮೊದಲೇ ದುಡ್ಡು ಹಾಕಿಬಿಟ್ಟೆ. ಊಟದ ಲೆಕ್ಕ 4,860. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಎಸ್.ಸಿ. 10%', 486. ಈ ಎರಡನ್ನೂ ಕೂಡಿಸಿ ಅದರ ಮೇಲೆ 5% ಜಿಎಸ್‌ಟಿ. ಅಂದರೆ ಸರ್ವೀಸ್ ಚಾರ್ಜಿಗೂ ನಾನೇ ತೆರಿಗೆ ಕಟ್ಟಿದ್ದೆ. ಅದಿಲ್ಲದಿದ್ದರೆ 5,103ಕ್ಕೆ ಮುಗಿಯುತ್ತಿತ್ತು. 510 ರೂಪಾಯಿ ಜಾಸ್ತಿ. ದುಡ್ಡು ಹೋಗುವ ಮೊದಲು "ಇದನ್ನ ತೆಗೀರಿ" ಅಂದಿದ್ದರೆ ಮಾತು ನನ್ನ ಕೈಯಲ್ಲಿರುತ್ತಿತ್ತು. ಹೋದ ಮೇಲೆ ಕೇಳಿದೆ, "ಬಿಲ್ ಕ್ಲೋಸ್ ಆಯ್ತು ಸಾರ್" ಅಂದರು. ಜಗಳ ಮಾಡಬಹುದಿತ್ತು. ಆದರೆ ಹಿಂದೆ ಭಾವ ಬಂದು ನಿಂತಿದ್ದ, "ಯಾಕ ಕೊಟ್ಟಿ ನೀನು" ಅಂತ ಬೈಯುತ್ತಾ. ಅವನ ಮುಂದೆ ಐನೂರು ರೂಪಾಯಿಗೆ ಬಾಯಿ ಮಾಡೋಕೆ ನಾಚಿಕೆ ಆಯ್ತು. ಫೋನಿಗೆ ಬಂದ ಮೆಸೇಜಲ್ಲಿ ಒಟ್ಟು ಮೊತ್ತ ಬಿಟ್ಟರೆ ಏನೂ ಇರಲಿಲ್ಲ. ಬಿಲ್ಲನ್ನು ಸಿಟ್ಟಿನಲ್ಲಿ ಗಲ್ಲಾ ಮೇಲೇ ಬಿಸಾಕಿ ಬಂದೆ. ದೂರು ಕೊಡಲು ಆ ಚೀಟಿಯೂ ಉಳಿಯಲಿಲ್ಲ.

ಆ ಸಿಟ್ಟನ್ನು ತೀರಿಸಿಕೊಂಡದ್ದು ಯಾರ ಮೇಲೆ ಗೊತ್ತಾ? ಸಪ್ಲೈಯರ್ ಹುಡುಗನ ಮೇಲೆ. ಒಂದೂವರೆ ಗಂಟೆ ಹನ್ನೊಂದು ಜನರ ಸುತ್ತ ಓಡಾಡಿದವನು ಬಡೇಸೋಪಿನ ತಟ್ಟೆ ಹಿಡಿದು ನಿಂತಿದ್ದ. 486 ಕೊಟ್ಟಿದ್ದೀನಲ್ಲ, ಸಾಕು ಅಂತ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಹೊರಟೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಅವನೇ ಓಡಿ ಬಂದ. ನಾವು ಮರೆತಿದ್ದ ರೊಟ್ಟಿ ಪಾರ್ಸೆಲ್ ಅವನ ಕೈಯಲ್ಲಿತ್ತು. ತಡೆಯಲಾರದೆ ಕೇಳಿದೆ, "ಸರ್ವೀಸ್ ಚಾರ್ಜ್ ನಿಮಗೇ ಬರುತ್ತಲ್ಲಪ್ಪಾ?" ನಕ್ಕುಬಿಟ್ಟ. "ನಮಗ ಪಗಾರ ಅಷ್ಟೇ ಅಣ್ಣ."

ನನಗೆ ಇದು ಗೊತ್ತಿರಬೇಕಿತ್ತು. ಪಿಯುಸಿ ರಜೆಯಲ್ಲಿ ಗಂಗಾವತಿಯ ಒಂದು ಖಾನಾವಳಿಯಲ್ಲಿ ನಾನೇ ಸಪ್ಲೈಯರ್ ಆಗಿದ್ದೆ. ಆಗ ಚಿಲ್ಲರೆ ತಟ್ಟೆಯಲ್ಲೇ ವಾಪಸ್ ಹೋಗುತ್ತಿತ್ತು. ಭತ್ತ ಮಾರಲು ಬಂದ ರೈತರು ಐದೋ ಹತ್ತೋ ಅದರಲ್ಲೇ ಬಿಟ್ಟು ಏಳುತ್ತಿದ್ದರು. ಎಲ್ಲವನ್ನೂ ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಿದ್ದೆವು. ರಾತ್ರಿ ಬಾಗಿಲು ಎಳೆದ ಮೇಲೆ ಪಾಲು. ಎಲೆ ಎತ್ತುವ ಹುಡುಗನಿಗೆ ಅರ್ಧ ಪಾಲು, ಅದಕ್ಕೆ ದಿನಾ ಅವನ ತಕರಾರು. ಈಗ ಎಲ್ಲ ಕಡೆ ಸ್ಕ್ಯಾನರ್. ಪೈಸೆ ಬಿಡದೆ ಬಿಲ್ಲಿನಷ್ಟೇ ಒತ್ತುತ್ತೇವೆ, ತಟ್ಟೆಗೆ ಚಿಲ್ಲರೆ ಬರೋದೇ ಇಲ್ಲ. ಟಿಪ್ಸ್ ಸೇರಿಸಿ ಒತ್ತಿದರೂ ಅದು ಹೋಗೋದು ಮಾಲೀಕರ ಖಾತೆಗೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಇದನ್ನು ಕೊಟ್ಟ ಮೇಲೆ ಅದು ಬೇಕಾ ಅಂದರೆ ಎರಡೂ ಒಂದೇ ಜೇಬಿಗೆ ಹೋಗುತ್ತವೆ ಅಂದುಕೊಂಡಂತಾಯ್ತು. ಸರ್ವೀಸ್ ಚಾರ್ಜ್ ಹೋಗೋದು ಗಲ್ಲಾಕ್ಕೆ. ಅಲ್ಲಿಂದ ಹುಡುಗರಿಗೆ ಹಂಚುವ ಮಾಲೀಕರೂ ಇರಬಹುದು, ನಾನಂತೂ ಕಂಡಿಲ್ಲ. ಇನ್ನು ಅದು ಸರ್ಕಾರದ ತೆರಿಗೆ ಅಂತ ಹೆದರಬೇಡಿ. ಹಳೇ ಸರ್ವೀಸ್ ಟ್ಯಾಕ್ಸ್ 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಲೇ ಹೋಯಿತು, ಹೆಸರು ಹತ್ತಿರ ಇರೋದರಿಂದ ಜನ ಇವತ್ತಿಗೂ ಮೋಸ ಹೋಗುತ್ತಾರೆ. ಕೇಳದೆ ಬಿಲ್ಲಿಗೆ ಸರ್ವೀಸ್ ಚಾರ್ಜ್ ಸೇರಿಸಬಾರದು, ಬೇರೆ ಹೆಸರಲ್ಲೂ ಹಾಕಬಾರದು, ಅದನ್ನು ಕೂಡಿಸಿ ಜಿಎಸ್‌ಟಿ ಲೆಕ್ಕ ಹಾಕಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಹೇಳಿದೆ. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆ ತಂದವು. 2025ರ ಮಾರ್ಚ್ 28ರಂದು ಕೋರ್ಟ್ ಅವರ ಅರ್ಜಿ ವಜಾ ಮಾಡಿ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಅಂದರೆ ನಾನು ಭಾವನ ಮುಂದೆ ನಾಚಿಕೊಂಡು ನಿಂತಾಗ ತೀರ್ಪು ಬಂದು ಎರಡು ತಿಂಗಳೂ ಆಗಿರಲಿಲ್ಲ!

ನೀವು ಮುಂದಿನ ಸಲ ಬಿಲ್ ಟೇಬಲ್ಲಿಗೇ ತರಿಸಿ. ಸರ್ವೀಸ್ ಚಾರ್ಜ್ ಇದ್ದರೆ ತೆಗೆಯಲು ಹೇಳಿ, ಮ್ಯಾನೇಜರಿಗೆ ಹೇಳಿ, ಹುಡುಗನಿಗಲ್ಲ. ತೆಗೆಯದಿದ್ದರೆ ಬಿಲ್ಲಿನ ಫೋಟೋ ಹೊಡೆದುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಟಿಪ್ಸ್ ಮಾತ್ರ ನೋಟಲ್ಲಿ ಕೊಡಿ, ಹುಡುಗನ ಕೈಗೇ. ಎಷ್ಟು ಅನ್ನೋದಕ್ಕೆ ಶೇಕಡಾ ಲೆಕ್ಕ ನಮಗ್ಯಾಕೆ? ಖಾನಾವಳಿಯಲ್ಲಿ ಹತ್ತು, ಇಪ್ಪತ್ತು. ನಮ್ಮಂಥ ದೊಡ್ಡ ಪಟಾಲಂ ಹೋದರೆ ನೂರಕ್ಕೆ ಕಮ್ಮಿ ಕೊಡಬೇಡಿ.

ಎರಡು ತಿಂಗಳ ನಂತರ ಅದೇ ಹೋಟೆಲಿಗೆ ಭಾವನ ಜೊತೆ ಮತ್ತೆ ಹೋಗಿದ್ದೆ. ಬಿಲ್ಲಲ್ಲಿ ಅದೇ 10% ಇತ್ತು. "ಇದು ಬೇಡ" ಅಂದೆ. ಮ್ಯಾನೇಜರ್ ಒಂದು ಮಾತೂ ಆಡದೆ ಎರಡೇ ನಿಮಿಷದಲ್ಲಿ ಹೊಸ ಬಿಲ್ ತಂದುಕೊಟ್ಟ. ನಾನು ಕನ್ನಡಕ ಏರಿಸಿ ಅದರ ಒಂದೊಂದೇ ಸಾಲು ಓದುತ್ತಾ ಕೂತೆ. ಅಷ್ಟರಲ್ಲಿ ಭಾವ ಗಲ್ಲಾಕ್ಕೆ ಹೋಗಿ ಸ್ಕ್ಯಾನ್ ಮಾಡಿ ಬಂದಿದ್ದ.