ಶ್ರೀಗಂಧ, ರಕ್ತಚಂದನ: ನಂಟು ಹೆಸರಿನಲ್ಲಿ ಮಾತ್ರ

"ಶ್ರೀಗಂಧವೂ ರಕ್ತಚಂದನವೂ ಒಂದೇ ಕುಲವಲ್ಲವೇ? ಮತ್ತೆ ಕೆಂಪು ಪಟ್ಟಿಯಲ್ಲಿ ರಕ್ತಚಂದನಕ್ಕೇ ಅಪಾಯ ಹೆಚ್ಚು ಎಂದು ಏಕಿದೆ? ಎರಡನ್ನೂ ಒಂದೇ ಹೊಲದಲ್ಲಿ ಬೆಳೆಸಬಹುದೇ?" ಎಂದು ಓದುಗರೊಬ್ಬರು ಬರೆದಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೇ, ಎರಡೂ ಒಂದೇ ಕುಲದವಲ್ಲ. ರಕ್ತಚಂದನ ನಮ್ಮ ಹೊನ್ನೆಯ ಹತ್ತಿರದ ಬಂಧು, ಬೇಳೆಕಾಳಿನ ಕುಟುಂಬದ್ದು. ಅದರ ಚೇಗಿಗೆ, ಅಂದರೆ ಕಾಂಡದ ಒಳಗಿನ ಗಟ್ಟಿ ತಿರುಳಿಗೆ, ಪರಿಮಳವಿಲ್ಲ; ಬೆಲೆಯೆಲ್ಲ ಬಣ್ಣಕ್ಕೆ ಮತ್ತು ಅಲೆಅಲೆಯಾದ ಎಳೆಗೆ. ಶ್ರೀಗಂಧ ಅರೆಪರಾವಲಂಬಿ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ ನೀರು, ಲವಣ ಹೀರುತ್ತದೆ.

ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಶ್ರೀಗಂಧ 'ವಲ್ನರಬಲ್' (ಅಪಾಯಕ್ಕೀಡಾಗಬಹುದಾದದ್ದು), ರಕ್ತಚಂದನ ಅದಕ್ಕಿಂತ ಒಂದು ಮೆಟ್ಟಿಲು ಗಂಭೀರವಾದ 'ಎಂಡೇಂಜರ್ಡ್' (ಅಳಿವಿನಂಚಿನದು). ಮುಖ್ಯ ಕಾರಣ ನೆಲೆ. ರಕ್ತಚಂದನ ಸಹಜವಾಗಿ ಬೆಳೆಯುವುದು ಪೂರ್ವಘಟ್ಟದ ದಕ್ಷಿಣ ಭಾಗದ ಕಲ್ಲುಗುಡ್ಡಗಳಲ್ಲಿ, ಅಂದರೆ ಕಡಪ, ಚಿತ್ತೂರು, ಶೇಷಾಚಲದ ಸುತ್ತಮುತ್ತ ಮಾತ್ರ. ಅಲ್ಲಿ ಅಳಿದರೆ ಕಾಡಿನಿಂದಲೇ ಅಳಿದಂತೆ. 1995ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದ ನಿಯಂತ್ರಣದಲ್ಲಿದೆ.

ಆದರೆ ಪಟ್ಟಿ ನೋಡಿ ಶ್ರೀಗಂಧ ಕ್ಷೇಮವೆಂದುಕೊಳ್ಳಬೇಡಿ. ಕಡಿದ ರಕ್ತಚಂದನದ ಬುಡ ಬೆಂಕಿ, ಮೇವಿನ ಕಾಟದಿಂದ ಪಾರಾದರೆ ಮತ್ತೆ ಚಿಗುರುತ್ತದೆ. ಶ್ರೀಗಂಧದ ಬೇರಿನಲ್ಲೂ ಎಣ್ಣೆಯಿರುವುದರಿಂದ ಅದನ್ನು ಬುಡಸಮೇತ ಅಗೆದು ತೆಗೆಯುತ್ತಾರೆ, ಚಿಗುರಲು ಹೆಚ್ಚೇನೂ ಉಳಿಯುವುದಿಲ್ಲ. ಮೇಲೆ ಸ್ಪೈಕ್ ರೋಗ: 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಇದು ಫೈಟೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಬಗೆಯ ಸೂಕ್ಷ್ಮಜೀವಿಯಿಂದ ಬರುತ್ತದೆ, ರಸ ಹೀರುವ ಕೀಟಗಳಿಂದ ಹರಡುತ್ತದೆ. ಎಲೆ ಕಿರಿದಾಗಿ, ರೆಂಬೆ ಕಡ್ಡಿಯಂತೆ ಸೆಟೆದು ನಿಂತ ಮರ ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ಮದ್ದಿಲ್ಲ, ರೋಗದ ಮರವನ್ನು ಬೇಗ ತೆಗೆಯುವುದೊಂದೇ ದಾರಿ. ಕಾಡಿನಲ್ಲಿ ದಪ್ಪ ಚೇಗಿನ ಹಳೆಯ ಮರಗಳೇ ಅಪರೂಪವಾಗಿರುವುದು ನಮ್ಮನ್ನು ಹೆಚ್ಚು ಕಾಡುವ ಸಂಗತಿ, ಏಕೆಂದರೆ ಒಳ್ಳೆಯ ಬೀಜಕ್ಕೆ ಅವೇ ತಾಯಿ.

ಒಂದೇ ಹೊಲದಲ್ಲಿ ಎರಡನ್ನೂ ಹಾಕಬಹುದು, ನೀರು ನಿಲ್ಲದ ನೆಲವಾಗಿದ್ದರೆ. ನೀರು ನಿಂತರೆ ಎರಡರ ಬೇರೂ ಕೊಳೆಯುತ್ತದೆ. ಶ್ರೀಗಂಧಕ್ಕೆ ರಕ್ತಚಂದನವೊಂದನ್ನೇ ಆಸರೆಯೆಂದು ನಂಬಬೇಡಿ, ಅದು ನಿಧಾನದ ಮರ. ಸಸಿಯ ಚೀಲದಲ್ಲೇ ತೊಗರಿ ಅಥವಾ ಹೊನಗೊನೆ ಇರಲಿ, ನೆಟ್ಟ ಮೇಲೆ ಹತ್ತಿರದಲ್ಲಿ ಗಾಳಿಮರ ಅಥವಾ ಹೊಂಗೆ. ಆಸರೆ ಗಿಡ ನೆರಳು ಕವಿದರೆ ಸವರಿ. ಆಸರೆಯಿಲ್ಲದ ಸಸಿ ಹಳದಿಯಾಗಿ ಸೊರಗುತ್ತದೆ, ಗೊಬ್ಬರ ಸುರಿದರೂ ಚೇತರಿಸದು.

2001ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ನಿಮ್ಮ ಜಮೀನಿನ ಶ್ರೀಗಂಧ ನಿಮ್ಮದೇ. ಆದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು.

ರಕ್ತಚಂದನವೆಂದು ಹೊನ್ನೆ ಸಸಿ ಕೈಸೇರದಂತೆ ಎಲೆ ನೋಡಿ ಕೊಳ್ಳಿ: ರಕ್ತಚಂದನದ ಒಂದು ತೊಟ್ಟಿನಲ್ಲಿ ಸಾಮಾನ್ಯವಾಗಿ ಮೂರು ಎಲೆ, ಹೊನ್ನೆಯಲ್ಲಿ ಐದರಿಂದ ಏಳು.